ಘಾಜಿಯ ಹೆಸರಿನ ಕಬ್ಬಿಣ

ಅನಸೂಯಾ ಬೆಟಗೇರಿ ಮೊದಲ ಸಲ ಸಮುದ್ರ ಕಂಡಾಗ ಆಕೆಗೆ ಮೂವತ್ತೊಂದು ವರ್ಷ. 1985ರಲ್ಲಿ ಬ್ಯಾಂಕಿನವರು ಆಕೆಯನ್ನು ಗದಗಿನಿಂದ ಎತ್ತಿ ವಿಶಾಖಪಟ್ಟಣದ ದ್ವಾರಕಾ ನಗರ ಶಾಖೆಗೆ ಹಾಕಿದ್ದರು. ಆದರೆ ಯುದ್ಧನೌಕೆಗಳು ಆಕೆಗೆ ಹತ್ತನೆಯ ವಯಸ್ಸಿನಿಂದಲೇ ಗೊತ್ತು. ಅಪ್ಪ ಗದಗಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಯಾರೋ ನೌಕಾಯುದ್ಧಗಳ ಚರಿತ್ರೆಯ ನಾಲ್ಕು ಇಂಗ್ಲಿಷ್ ಸಂಪುಟಗಳನ್ನು ಕಟ್ಟಲು ಕೊಟ್ಟುಹೋದವರು ವಾಪಸು ಬರಲೇ ಇಲ್ಲ. ಹುಡುಗಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ನಾಲ್ಕನ್ನೂ ಓದಿ ಮುಗಿಸಿದಳು. ತುಂಗಭದ್ರೆಗಿಂತ ದೊಡ್ಡ ನೀರು ನೋಡದವಳಿಗೆ ಸುಷಿಮಾ ಜಲಸಂಧಿಯಲ್ಲಿ ರಷ್ಯನ್ನರು ಜಪಾನೀಯರಿಗೆ ಸೋತ ಬಗೆ ಬಾಯಿಪಾಠವಾಗಿತ್ತು.

ನಾನು ಅದೇ ಶಾಖೆಯಲ್ಲಿ ಗುಮಾಸ್ತನಾಗಿದ್ದೆ, ತುಮಕೂರಿನವನು. ಊಟದ ಹೊತ್ತಿನಲ್ಲಿ ಆಕೆ ಡಬ್ಬಿ ಬಿಚ್ಚುತ್ತಲೇ ಶುರುಮಾಡುತ್ತಿದ್ದಳು. ಸ್ವೀಡನ್ನಿನ ರಾಜ ಕಟ್ಟಿಸಿದ ‘ವಾಸಾ’ ಎಂಬ ಹಡಗು ಮೊದಲ ದಿನವೇ ಒಂದು ಮೈಲಿಯನ್ನೂ ದಾಟದೆ ಮುಳುಗಿದ್ದು. ಜರ್ಮನರ ‘ಬಿಸ್ಮಾರ್ಕ್’ ಹೊಡೆದ ಗುಂಡಿಗೆ ಬ್ರಿಟಿಷರ ‘ಹುಡ್’ ಸಿಡಿದು, ಸಾವಿರದ ನಾನೂರಕ್ಕೂ ಹೆಚ್ಚು ಜನರಲ್ಲಿ ಮೂವರು ಮಾತ್ರ ಉಳಿದದ್ದು.

“ಮೂವರಂದ್ರ ಮೂವರ ರೀ. ಉಳಿದವರ ತಾಯಂದ್ರು ಆ ದಿನ ಏನ್ ಮಾಡ್ತಿದ್ರೋ,” ಎಂದು ರೊಟ್ಟಿಯ ತುಂಡನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದಳು. ಹಡಗಿನ ಉದ್ದಗಲ, ಫಿರಂಗಿಯ ವ್ಯಾಸ ಎಲ್ಲ ಹೇಳಿದ ಮೇಲೂ ಆಕೆಯ ಮಾತು ಬಂದು ನಿಲ್ಲುತ್ತಿದ್ದದ್ದು ಸತ್ತವರ ಲೆಕ್ಕದಲ್ಲಿಯೇ.

ವಿಶಾಖಪಟ್ಟಣದಲ್ಲಿ ಇಂಥವಳಿಗೆ ‘ಘಾಜಿ’ಯ ಹುಚ್ಚು ಹಿಡಿಯದಿರಲು ಸಾಧ್ಯವೇ? 1971ರ ಡಿಸೆಂಬರಿನಲ್ಲಿ ಆ ಪಾಕಿಸ್ತಾನಿ ಸಬ್‌ಮರೀನು ಇದೇ ಬಂದರಿನ ಬಾಯಲ್ಲಿ ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಮಂದಿಯ ಸಮೇತ ತಳ ಸೇರಿತ್ತು. ನಮ್ಮವರು ಮುಳುಗಿಸಿದರೋ, ಒಳಗೇ ಏನೋ ಸಿಡಿಯಿತೋ ಎಂಬ ವಾದ ಇನ್ನೂ ನಡೆದೇ ಇದೆ. ಋಷಿಕೊಂಡದ ಕಡೆಯ ಒಬ್ಬ ಮುದಿ ಬೆಸ್ತ ಆ ವಾರ ಎಣ್ಣೆ ಹರಡಿದ ನೀರಿನಲ್ಲಿ ತೇಲುತ್ತಿದ್ದ ಒಂದು ಲೈಫ್ ಜಾಕೆಟ್ಟು ಎತ್ತಿ ಸರ್ಕಾರದವರಿಗೆ ಒಪ್ಪಿಸಿದ್ದನಂತೆ. ಆಕೆ ಅವನನ್ನು ಹುಡುಕಿಕೊಂಡು ಹೋಗಿ, ಅರೆಬರೆ ತೆಲುಗಿನಲ್ಲಿ ಎಲ್ಲ ಕೇಳಿಕೊಂಡು ಬಂದಳು.

ಊರಿನಲ್ಲಿ ‘ಸಾಗರ ಮಿತ್ರ ಮಂಡಳಿ’ ಎಂದೊಂದು ಸಂಘ. ಕಾರ್ಯದರ್ಶಿ ಕಾಮೇಶ್ವರ ರಾವು, ಬಂದರಿನ ಕಂತ್ರಾಟು ಮಾಡಿ ನಿವೃತ್ತರಾದವರು, ಸದಾ ಇಸ್ತ್ರಿ ಮಾಡಿದ ಬಿಳಿ ಸಫಾರಿ. ಪ್ರತಿ ಡಿಸೆಂಬರಿನಲ್ಲೂ ಮಂಡಳಿ ನೌಕಾ ಇತಿಹಾಸದ ಕ್ವಿಜ಼್ ನಡೆಸುತ್ತಿತ್ತು. 1986ರಲ್ಲಿ ಮೊದಲ ಬಹುಮಾನ ಅನಸೂಯಾಗೆ ಬಂತು. ಅಂಗೈ ಅಗಲದ ತುಕ್ಕು ಹಿಡಿದ ಕಬ್ಬಿಣದ ತುಂಡು. ಅಂಚೆಲ್ಲ ಹರಿದಂತಿತ್ತು, ನಡುವೆ ಒಂದು ಕರಿ ರಂಧ್ರ, ಕೆಳಗೆ ತೇಗದ ಪೀಠ, ಹಿತ್ತಾಳೆಯ ಪಟ್ಟಿಯ ಮೇಲೆ ‘ಘಾಜಿಯ ಒಡಲಿನಿಂದ’ ಎಂಬ ಬರಹ. ಡೈವಿಂಗ್ ಮಾಡುವವರ ಮೂಲಕ ಗುಟ್ಟಾಗಿ ತರಿಸಿದ್ದು ಎಂದು ಕಾಮೇಶ್ವರ ರಾವು ಕಿವಿಯಲ್ಲಿ ಹೇಳಿದರು.

ಆಕೆ ಅದನ್ನು ಷೋಕೇಸಿನಲ್ಲಿ ಇಡಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ, ದೇವರ ಮನೆಯ ಕೆಳಗಿನ ಗೂಡಿನಲ್ಲಿಟ್ಟಳು. ಪ್ರತಿ ವರ್ಷ, ಘಾಜಿ ಮುಳುಗಿದ ಡಿಸೆಂಬರ್ ನಾಲ್ಕರಂದು, ಅದರ ಮುಂದೆ ಒಂದು ದೀಪ. ಗಂಡ ಚಂದ್ರಕಾಂತ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರು. “ವೈರಿ ಹಡಗಿಗೆ ದೀಪ ಹಚ್ತೀಯಲ್ಲ,” ಎಂದು ನಕ್ಕರೆ, “ಸತ್ತವರು ಯಾರಿಗೆ ವೈರಿ?” ಎನ್ನುತ್ತಿದ್ದಳು.

ಮುಂದಿನ ವರ್ಷದಿಂದ ಕ್ವಿಜ಼್‌ಗೆ ಪ್ರಶ್ನೆ ತಯಾರಿಸುವ ಕೆಲಸವೂ ಆಕೆಯದೇ ಆಯಿತು. 1991ರಲ್ಲಿ ಬಡ್ತಿ ಸಿಕ್ಕಿ, ಆ ತುಂಡನ್ನೂ ಕಟ್ಟಿಕೊಂಡು ವಿಜಯವಾಡಕ್ಕೆ ಹೋದ ಮೇಲೂ ಕಾಮೇಶ್ವರ ರಾವು ಆಕೆಯನ್ನು ಆ ಕೆಲಸದಿಂದ ಬಿಡಲಿಲ್ಲ. ನನಗೂ ಅಲ್ಲಿಗೇ ವರ್ಗವಾಗಿತ್ತು.

1992ರ ನವೆಂಬರ್. ಬ್ಯಾಂಕಿನ ಜೀಪಿನ ಮುಂದಿನ ಸ್ಪ್ರಿಂಗ್ ಮುರಿದು, ನಾವಿಬ್ಬರೂ ಅದನ್ನು ಆಟೋನಗರ್‌ಗೆ ತಂದೆವು. ಲಾರಿಗಳ ಹೊಟ್ಟೆ ಬಗೆದು ಗುಡ್ಡೆ ಹಾಕಿದ ಆ ಬೀದಿಗಳಲ್ಲಿ ಚಂದ್ರಮೌಳಿಯ ವರ್ಕ್‌ಷಾಪು ಸಿಕ್ಕಿತು. ನಾವು ಕನ್ನಡ ಆಡಿದ್ದು ಕೇಳಿ ಅವನ ಮುಖ ಅರಳಿತು.

“ನಮ್ದೂ ಕನ್ನಡಾನೇ ಮೇಡಂ, ರಾಯದುರ್ಗ! ಕೂತ್ಕಳಿ, ಅರ್ಧ ಗಂಟೆ. ಟೀ ತರಿಸ್ತೀನಿ.”

ಕೂರಲು ಜಾಗ ಹುಡುಕುತ್ತ ಹಿಂದೆ ಹೋದ ಅನಸೂಯಾ ಒಂದು ಸಿಮೆಂಟಿನ ತೊಟ್ಟಿಯ ಮುಂದೆ ನಿಂತಳು. ಮೂಗಿಗೆ ಹೊಡೆಯುವ ವಾಸನೆ. ಹಳದಿ ನೊರೆಗಟ್ಟಿದ ನೀರಿನಲ್ಲಿ ಅಂಗೈ ಅಗಲದ ಕಬ್ಬಿಣದ ತುಂಡುಗಳು ನೆನೆಯುತ್ತಿದ್ದವು. ಪಕ್ಕದ ಹಲಗೆಯ ಮೇಲೆ ತೇಗದ ಪೀಠಗಳ ಸಾಲು, ಹಿತ್ತಾಳೆ ಪಟ್ಟಿಗಳ ಕಟ್ಟು. ಆಕೆ ಒಂದು ಪಟ್ಟಿ ಎತ್ತಿ ಓದಿದಳು.

“ಇದೇನ್ರಿ ಇದು?”

“ವೈಜಾಗ್ ಪಾರ್ಟಿ ಆರ್ಡರ್ ಮೇಡಂ. ವರ್ಷಾ ವರ್ಷಾ ಬರುತ್ತೆ. ಲಾರಿ ಚಾಸಿಸ್ ಪ್ಲೇಟು. ಗ್ಯಾಸಲ್ಲಿ ಅಂಚು ಹರಿದು, ನಡುಮಧ್ಯೆ ಒಂದು ತೂತು ಹೊಡೀತೀವಿ. ಮೂರು ವಾರ ಉಪ್ಪುನೀರು.” ಚಂದ್ರಮೌಳಿ ಹೆಮ್ಮೆಯಿಂದಲೇ ಹೇಳಿದ. “ಉಪ್ಪೊಂದರಲ್ಲೇ ತುಕ್ಕು ಚೆನ್ನಾಗಿ ಹತ್ತಲ್ಲ. ಅದಕ್ಕೆ ನಮ್ಮ ವರ್ಕರ್‌ಗಳಿಗೆ ಹೇಳಿದೀನಿ, ಎಲ್ಲಾರೂ ಉಚ್ಚೆ ಇದರಲ್ಲೇ ಹೊಯ್ಯಿರಿ ಅಂತ. ಕಲರ್ ಹೆಂಗೆ ಬಂದೈತೆ ಚೂಡಂಡಿ!”

ಆಕೆ ಪಟ್ಟಿಯನ್ನು ಹಲಗೆಯ ಮೇಲೆ ಹಾಕಿದಳು. ತಿರುಗಿ ಗೋಡೆಯ ಕಡೆ ಎರಡು ಹೆಜ್ಜೆ ಹಾಕಿ ವಾಂತಿ ಮಾಡಿಕೊಂಡಳು. ಚಂದ್ರಮೌಳಿ ಗಾಬರಿಯಾಗಿ ಸೋಡಾ ತರಿಸಿದ. ಬಿಸಿಲಿನಿಂದ ಎಂದುಕೊಂಡನೋ ಏನೋ. ಜೀಪಿನಲ್ಲಿ ಕೂತ ಮೇಲೆ ಆಕೆ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದಿದ್ದಳು.

“ಆರು ವರ್ಷ ದೇವರ ಮನ್ಯಾಗ ಇಟ್ಟೇನಿ ರೀ. ಯಾರ ಉಚ್ಚಿಗೋ ದೀಪ ಹಚ್ಚೇನಿ.”

ಆ ಸಂಜೆ ಗೂಡನ್ನು ಮೂರು ಸಲ ತೊಳೆದು, ಬಟ್ಟೆ ಸಮೇತ ಆ ತುಂಡನ್ನು ಪೌರಕಾರ್ಮಿಕರ ಗಾಡಿಗೆ ಹಾಕಿದಳಂತೆ.

ಡಿಸೆಂಬರಿನಲ್ಲಿ ನಾವು ವಿಶಾಖಪಟ್ಟಣಕ್ಕೆ ಹೋದೆವು. ಸಭಾಂಗಣದ ಪಕ್ಕದ ಕೋಣೆಯಲ್ಲಿ ಕಾಮೇಶ್ವರ ರಾವು ಗೋಡಂಬಿ ತಿನ್ನುತ್ತ ಕೂತಿದ್ದರು. ಆಕೆ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರು ಬೆಚ್ಚಲಿಲ್ಲ. ಬೆರಳಿನ ಉಪ್ಪನ್ನು ನೆಕ್ಕಿ, “ಮೇಡಂ ಗಾರು, ನಿಜವಾದದ್ದನ್ನು ಮುಟ್ಟಲು ನಮಗೆ ಯಾರು ಬಿಡುತ್ತಾರೆ? ಜನಕ್ಕೆ ಕೈಯಲ್ಲಿ ಹಿಡಿಯಲು ಏನಾದರೂ ಬೇಕು. ದೇಶಾಭಿಮಾನ ಬೆಳೆಯುತ್ತದೆ. ಯಾರಿಗೆ ನಷ್ಟ?” ಎಂದು ತೆಲುಗಿನಲ್ಲಿ ಹೇಳಿದರು.

“ಆ ತೊಂಬತ್ತು ಮಂದಿ ಹೆಣದ ಮ್ಯಾಲ ನಿಮ್ಮ ಮಂದಿ ಉಚ್ಚಿ ಹೊಯ್ದಂಗಾತಲ್ರೀ!”

“ಮೆಲ್ಲಗೆ, ಮೆಲ್ಲಗೆ. ಹೊರಗೆ ಅತಿಥಿಗಳಿದ್ದಾರೆ.” ತಟ್ಟೆಯನ್ನು ಆಕೆಯ ಕಡೆ ಸರಿಸಿದರು. ಅದೇ ಬೆರಳಿನಿಂದ.

ಆಕೆ ವೇದಿಕೆ ಹತ್ತಿ ಇಪ್ಪತ್ತೊಂಬತ್ತು ಪ್ರಶ್ನೆಗಳನ್ನು ಎಂದಿನಂತೆ ಕೇಳಿದಳು. ಮೂವತ್ತನೆಯದು: “ಘಾಜಿಯೊಳಗೆ ಇದ್ದವರಲ್ಲಿ ಎಷ್ಟು ಜನ ಬದುಕಿದರು?” ಯಾರೋ ಹನ್ನೆರಡು ಎಂದರು, ಯಾರೋ ಎರಡು. “ಒಬ್ಬರೂ ಇಲ್ಲ,” ಎಂದವರು ರಾಮಚಂದ್ರ, ಹಾಸನದವರು, ಉಕ್ಕಿನ ಕಾರ್ಖಾನೆಯ ಅಧಿಕಾರಿ. ಗೆದ್ದವರು ಅವರೇ. ಆಗ ಅನಸೂಯಾ ಮೈಕಿನಲ್ಲಿ ಆಟೋನಗರ್‌ನ ತೊಟ್ಟಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದಳು, ಒಂದು ಮಾತನ್ನೂ ಮುಚ್ಚಿಡದೆ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗೆ ಮುಂದಿನ ಸಾಲಿನವರೆಗೂ ಹರಡಿತು. ಕಾಮೇಶ್ವರ ರಾವು ಸಹ ನಕ್ಕು, ಕೈಮುಗಿದು, ಬಹುಮಾನ ವಿತರಣೆಗೆ ಕರೆದರು.

ರಾಮಚಂದ್ರ ಬಂದು ತೇಗದ ಪೀಠವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕೆಳಗಿಳಿಯುವಾಗ ಅನಸೂಯಾ ಅಡ್ಡ ನಿಂತಳು.

“ಕೇಳಿಸ್ಲಿಲ್ಲೇನ್ರಿ ನಾ ಹೇಳಿದ್ದು?”

“ಕೇಳಿಸ್ತು ಮೇಡಂ. ಈಗ ಒಣಗಿದೆಯಲ್ಲ.” ಅವರು ಪೀಠವನ್ನು ತಿರುಗಿಸಿ ನೋಡಿದರು. “ಹಾಸನದಲ್ಲಿ ನಮ್ಮ ಮಾವನ ಮನೆ ಹಾಲ್‌ಗೆ ಚೆನ್ನಾಗಿರುತ್ತೆ. ಅಲ್ಲಿ ಯಾರಿಗೆ ಗೊತ್ತಾಗುತ್ತೆ ಬಿಡಿ.”

ಕಾಮೇಶ್ವರ ರಾವು ಅವರ ಬಗ್ಗೆ ಆಕೆಗಿದ್ದದ್ದು ಸಿಟ್ಟು. ಕನ್ನಡದಲ್ಲಿ ಬಂದ ಈ ಉತ್ತರದಿಂದ ಹುಟ್ಟಿದ್ದು ಹೇಸಿಗೆ. ವಾಪಸು ಬರುವಾಗ ರೈಲಿನಲ್ಲಿ ಏನೂ ತಿನ್ನಲಿಲ್ಲ. ಹಿಂದಿನ ವರ್ಷಗಳಲ್ಲಿ ಗೆದ್ದ ಐದು ಮಂದಿಯ ವಿಳಾಸ ಹುಡುಕಿ ಕಾಗದ ಬರೆದಳು. ಮೂವರು ಉತ್ತರಿಸಲಿಲ್ಲ. ಒಬ್ಬರು ಆಕೆಗೆ ಹೊಟ್ಟೆಕಿಚ್ಚು ಎಂದು ಬರೆದರು. ಐದನೆಯವರು ಚಂದ್ರಮೌಳಿಯ ವಿಳಾಸ ಕೇಳಿದ್ದರು, ಹಳೆಯ ಹಡಗಿನದೆಂಬಂತೆ ಕಾಣುವ ಒಂದು ಹಿತ್ತಾಳೆ ಗಂಟೆ ಮಾಡಿಸಬೇಕಿತ್ತಂತೆ. ಆ ಕಾಗದವನ್ನು ಆಕೆ ನನ್ನ ಮುಂದೆ ಹರಿದಳು. ಆಮೇಲೆ ಊಟದ ಹೊತ್ತಿನಲ್ಲಿ ಹಡಗುಗಳ ಮಾತು ನಿಂತುಹೋಯಿತು.

1995ರಲ್ಲಿ ಆಕೆ ಮ್ಯಾನೇಜರಾಗಿ ದ್ವಾರಕಾ ನಗರಕ್ಕೇ ಮರಳಿದಳು. ಆ ನವೆಂಬರಿನಲ್ಲಿ ನಾನು ರಜೆಯಲ್ಲಿ ಹೋಗಿ ಆಕೆಯ ಕ್ಯಾಬಿನ್ನಿನಲ್ಲಿ ಕೂತಿದ್ದಾಗ ಬಿಳಿ ಸಫಾರಿ ಒಳಗೆ ಬಂತು. ಕೈಯಲ್ಲಿ ಪೂತರೇಕುಲು ಮಿಠಾಯಿಯ ಡಬ್ಬಿ.

“ಹಳೆಯದನ್ನು ಮರೆತುಬಿಡೋಣ ಮೇಡಂ ಗಾರು. ಈಗ ಬರೀ ಸ್ಟೀಲ್ ಕಪ್ಪು ಕೊಡುತ್ತೇವೆ. ಪ್ರಶ್ನೆಗಳು ಮಾತ್ರ ಚೆನ್ನಾಗಿ ಬರುತ್ತಿಲ್ಲ. ನೌಕೆಗಳ ವಿಷಯ ನಿಮ್ಮಷ್ಟು ತಿಳಿದವರು ಈ ಊರಿನಲ್ಲಿ ಯಾರಿದ್ದಾರೆ ಹೇಳಿ?”

ಅನಸೂಯಾ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು. ಆಮೇಲೆ, “ಡಬ್ಬಿ ತಗೊಂಡು ಹೋಗ್ರಿ,” ಎಂದಳು. ಅವರು ಹೋದರು. ಆಕೆ ಅಟೆಂಡರನ್ನು ಕರೆದು ಅವರು ಕೂತಿದ್ದ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಸಿದಳು.

“ನಿಮ್ಮಷ್ಟು ತಿಳಿದವರು ಯಾರಿದ್ದಾರ ಅಂದಾಗ,” ಎಂದಳು ನನ್ನ ಕಡೆ ನೋಡದೆ, “ಒಂದ್ ಗಳಿಗಿ ನನಗ ಹೂಂ ಅನ್ನಬೇಕನ್ನಿಸ್ತು ರೀ. ಪ್ರಶ್ನೆಗಳೂ ತಲ್ಯಾಗ ಸಾಲಾಗಿ ನಿಂತ್ವು. ಆ ಮನಷ್ಯಾನ್ನ ನೋಡಿ ಅಲ್ಲ, ನನ್ನ ನೋಡೇ ನನಗ ಹೇಸಿಕಿ ಬಂತು.”

ಬಾಗಿಲಲ್ಲಿ ಮುಂದಿನ ಗ್ರಾಹಕರು ನಿಂತಿದ್ದರು. ಆಕೆ ಅವರನ್ನು ಒಳಗೆ ಕರೆದು, ಕೂರಲು ಹೇಳಿದಳು.