ಗಿಡ್ಡರ ತಂಡದ ಮಾಸ್ತರು

ಮಳೆಗೆ ನೆನೆದ ಮೆಕ್ಕೆಜೋಳ ಬಿಸಿಲಿಗೆ ಬಿದ್ದರೆ ಹುಳಿಹುಳಿಯಾದ ಒಂದು ವಾಸನೆ ಬರುತ್ತದೆ. ಮೊನ್ನೆ ಹರಪನಹಳ್ಳಿ ಬಸ್ ನಿಲ್ದಾಣದಿಂದ ಮನೆಗೆ ನಡೆದು ಬರುವಾಗ ಅದು ಮೂಗಿಗೆ ಬಡಿಯಿತು. ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರು ನೆನಪಾದರು. ಅವರು ಜೋಳ ಬೆಳೆದವರೂ ಅಲ್ಲ, ಮಾರಿದವರೂ ಅಲ್ಲ. ನಮಗೆ ಫುಟ್‌ಬಾಲ್ ಕಲಿಸಿದವರು.

ತೊಂಬತ್ತರ ದಶಕದ ಮಾತು. ಸುಗ್ಗಿ ಬಂತೆಂದರೆ ಪೇಟೆಯ ವ್ಯಾಪಾರಸ್ಥರು ಶಾಲೆಯ ಮೈದಾನದಲ್ಲೇ ಮೆಕ್ಕೆಜೋಳ ಹರವುತ್ತಿದ್ದರು. ಶಾಲೆಯ ಕಮಿಟಿಯಲ್ಲಿದ್ದವರೂ ಅವರೇ, ಕೇಳುವವರು ಯಾರು? ಆಡಲು ಉಳಿಯುತ್ತಿದ್ದದ್ದು ರಾಶಿಗಳ ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ದೊಡ್ಡ ಹುಡುಗರು ಮುಖ ಸಿಂಡರಿಸಿಕೊಂಡು ಮನೆಗೆ ಹೋಗುತ್ತಿದ್ದರು. ಮಾಸ್ತರು ಮಾತ್ರ ಆ ತಿಂಗಳಿಗಾಗಿಯೇ ಕಾಯುತ್ತಿದ್ದರೇನೋ... ಗಿಡ್ಡರನ್ನೆಲ್ಲ ಕರೆದು ಆ ಓಣಿಯಲ್ಲಿ ಆಡಲು ಬಿಡುತ್ತಿದ್ದರು. ಚೆಂಡು ಜೋಳಕ್ಕೆ ತಾಗಿದರೆ ಫೌಲ್. ಕಾಳು ಚೆಲ್ಲಿದವನು ಕೂತು ಆರಿಸಬೇಕು. ಆರಿಸಿ ಆರಿಸಿ ಬೇಸತ್ತು, ಚೆಂಡನ್ನು ಕಾಲು ಬಿಟ್ಟು ಹೋಗದಂತೆ ಆಡುವುದನ್ನು ಕಲಿತೆವು.

ನಾನು ಗಿಡ್ಡರಲ್ಲೇ ಗಿಡ್ಡ. ಹತ್ತನೇ ತರಗತಿಗೆ ಬಂದರೂ ದನಿ ಒಡೆದಿರಲಿಲ್ಲ. ಅಪ್ಪನಂತೂ ಅಂಗಡಿಗೆ ಬಂದವರ ಮುಂದೆಯೇ, "ಇವನಿಗಿಂತ ಚೆಂಡೇ ದೊಡ್ಡದೈತ್ರಿ" ಎಂದು ನಗುತ್ತಿದ್ದ. ನನಗಿದ್ದದ್ದು ಒಂದೇ ಆಸೆ: ಶಾಲೆ ಬಿಡುವ ಮೊದಲು, ವರ್ಷಕ್ಕೊಮ್ಮೆ ಹಡಗಲಿಯಲ್ಲಿ ನಡೆಯುವ ಹೈಸ್ಕೂಲುಗಳ ಪಂದ್ಯದಲ್ಲಿ ಒಮ್ಮೆಯಾದರೂ ಆಡಬೇಕು.

ತಂಡದಲ್ಲಿ ಹೆಸರು ಬಂತು, ಹಡಗಲಿಗೂ ಹೋದೆವು. ಎದುರಿನ ತಂಡ ನೋಡಿದರೆ, ಅಬ್ಬಾ, ಹೈಸ್ಕೂಲ್ ಹುಡುಗರೋ, ಮದುವೆಗೆ ನಿಂತ ಗಂಡುಗಳೋ! ಮಾಸ್ತರು ನನ್ನನ್ನು ಗೆರೆಯಾಚೆ ಕೂಡಿಸಿದವರು ಎಬ್ಬಿಸಲೇ ಇಲ್ಲ. ನಮ್ಮವರು ಸೋಲುತ್ತಿದ್ದರು. ಕೊನೆಗೆ ಹೆಡ್‌ಮಾಸ್ತರೇ ಬಂದು, "ಆ ಸಣ್ಣಾವನ್ನ ಬಿಟ್ಟು ನೋಡ್ರಿ, ಚಲೋ ಆಡ್ತಾನಂತಲ್ಲ" ಎಂದರು.

"ಆಡ್ತಾನ್ರಿ ಸರ್," ಎಂದರು ಮಾಸ್ತರು. "ಆದ್ರ ಇವನ ಎಲುಬು ಇನ್ನಾ ಎಳೇವು ಅದಾವ. ಇವತ್ತು ಗೆಲ್ಲಾಕಂತ ಹುಡುಗನ ಕಾಲು ಮುರಸ್ಲೇನ್ರಿ?"

ಸೋತೆವು. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ಮುಖ ಹಾಕಿ ಅತ್ತುಬಿಟ್ಟೆ. ಸೋತದ್ದಕ್ಕಲ್ಲ, ಮಾಸ್ತರ ಮೇಲಿನ ಸಿಟ್ಟಿಗೆ. ಅವರು ಬಂದು ಪಕ್ಕದಲ್ಲಿ ಕೂತರು.

"ಯಾಕ ಅಳ್ತೀಲೇ? ನಿನ್ನ ಮೈ ಸ್ವಲ್ಪ ತಡಾ ಮಾಡೈತಿ, ಅಷ್ಟ. ಬಂದ ಬರತೈತಿ. ಬಂದಾಗ ನನಗ ಬಂದು ತೋರ್ಸು."

ಸಮಾಧಾನಕ್ಕೆ ಹೇಳುತ್ತಾರೆಂದು ಕಿವಿಗೆ ಹಾಕಿಕೊಳ್ಳಲಿಲ್ಲ.

ಪಿಯುಸಿಗೆ ದಾವಣಗೆರೆಗೆ ಹೋದೆ. ಎರಡನೇ ವರ್ಷ ಅದೇನಾಯಿತೋ, ಹೊಲಿಸಿದ ಪ್ಯಾಂಟುಗಳೆಲ್ಲ ಗಿಡ್ಡವಾಗತೊಡಗಿದವು. ಕಾಲೇಜಿನ ತಂಡಕ್ಕೆ ಸೇರಿದೆ. ನನ್ನ ಕಾಲಿನಿಂದ ಚೆಂಡು ಕಸಿಯಲು ಕಟ್ಟುಮಸ್ತಾದವರೂ ಒದ್ದಾಡುತ್ತಿದ್ದರು. ಅಷ್ಟರಲ್ಲಿ ಮಾಸ್ತರಿಗೆ ಹಲವಾಗಲು ಎಂಬ ಹಳ್ಳಿಗೆ ವರ್ಗವಾಗಿತ್ತು. ರಜೆಯಲ್ಲಿ ಹುಡುಕಿಕೊಂಡು ಹೋದೆ. ಶಾಲೆಯ ಮುಂದೆ ಹುಡುಗರನ್ನು ಆಡಿಸುತ್ತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಮ್ಮ ನೆತ್ತಿಯ ಮೇಲೆ ಅಂಗೈ ಇಟ್ಟು ಹಾಗೇ ನನ್ನ ಕಡೆ ಸರಿಸಿದರು. ಅದು ನನ್ನ ಗದ್ದಕ್ಕೆ ತಾಗಿತು.

"ಬಂತು ನೋಡಲೇ, ಬಂತು!" ಎಂದವರೇ ಸೀಟಿ ಊದಿ ಅಲ್ಲಿನ ಗಿಡ್ಡರನ್ನೆಲ್ಲ ಕರೆದರು. "ಇವ ನಿಮಗಿಂತ ಸಣ್ಣಾವಿದ್ದ. ಸರಿಯಾಗಿ ನೋಡ್ಕೋರಿ." ಆ ಹುಡುಗರು ನನ್ನನ್ನು ಸುತ್ತುಹಾಕಿ ನೋಡಿದರು. ನಾಚಿಕೆಯಾಯಿತು. ಅಷ್ಟು ಖುಷಿ ಮಾತ್ರ ಯಾವ ಪಂದ್ಯ ಗೆದ್ದಾಗಲೂ ಆಗಲಿಲ್ಲ.

ಆಮೇಲೆ ನೌಕರಿ, ಸಂಸಾರ... ಕೆಲವು ವರ್ಷಗಳ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು.

ಮೊನ್ನೆ ನಾನು ಮನೆ ಮುಟ್ಟಿದಾಗ, ಎಂಟನೇ ತರಗತಿಯ ನನ್ನ ಮಗ ಚೀಲ ಎಸೆದು ಮೂಲೆಯಲ್ಲಿ ಕೂತಿದ್ದ. ಅವನೂ ಗಿಡ್ಡ. ಫುಟ್‌ಬಾಲ್ ತಂಡದ ಆಯ್ಕೆಯಲ್ಲಿ ಎತ್ತರ ನೋಡಿಯೇ ಬೇಡ ಎಂದು ಕಳಿಸಿದ್ದರಂತೆ. "ನಾ ಯಾವಾಗ ಬೆಳೀತೀನಪ್ಪಾ?" ಎಂದ. ನನ್ನ ಕಥೆಯನ್ನೆಲ್ಲ ಹೇಳಿದೆ, ಎದ್ದು ನಿಂತು ತೋರಿಸಿದೆ. ಎಲ್ಲ ಕೇಳಿದ ಮೇಲೆ, "ನೀ ನಮ್ಮಪ್ಪ, ಹಂಗ ಹೇಳೇ ಹೇಳ್ತೀ ಬಿಡು" ಎಂದು ಒಳಗೆ ಹೋದ.

ಅಪ್ಪನ ಮಾತು ಅವನಿಗೆ ಸಾಲದು. ಅವನನ್ನು ಕರೆದೊಯ್ದು ಮುಂದೆ ನಿಲ್ಲಿಸೋಣವೆಂದರೆ ಮಾಸ್ತರಿಲ್ಲ.