ಪಾಳಿ ಬಿಟ್ಟುಕೊಟ್ಟ ದಿಗಂಬರ

ಮೋರಖಂಡಿಯ ದಿಗಂಬರನಷ್ಟು ಹಟಮಾರಿ ರಾಜಕಾರಣಿಯನ್ನು ನಾನು ಕಂಡಿಲ್ಲ. ಬೈಯಬೇಕೆಂದು ಬಾಯಿ ತೆರೆದರೆ ನಗು ಬರುತ್ತದೆ. ಬಾಲ್ಯದ ಗೆಳೆಯ, ಏನು ಮಾಡುವುದು! ನಾಲ್ಕು ಎಕರೆ ಹೊಲದವರ ಮಗ. ಗ್ರಾಮ ಪಂಚಾಯಿತಿಗೆ ನಿಂತಾಗ ಅವನ ಪ್ರಚಾರಕ್ಕೆ ಇದ್ದದ್ದು ಒಂದು ಇಸ್ತ್ರಿ ಅಂಗಿ, ಒಂದು ಟ್ರ್ಯಾಕ್ಟರ್. ಅಂಗಿ ಅವನದು, ಟ್ರ್ಯಾಕ್ಟರ್ ನನ್ನದು. ಗೆದ್ದ. ಆಮೇಲೆ ತಾಲೂಕು ಪಂಚಾಯಿತಿ, ಅದಾದ ಮೇಲೆ ನಮ್ಮ ಭಾಗದ ಸಹಕಾರಿ ಸಕ್ಕರೆ ಕಾರ್ಖಾನೆಯ ನಿರ್ದೇಶಕ.

ಎರಡು ಅವಧಿ ಆ ಕುರ್ಚಿಯಲ್ಲಿ ಕೂತ. ಕೂತ ಎನ್ನುವುದೂ ಸುಳ್ಳು. ಬಸವಕಲ್ಯಾಣದಿಂದ ಹುಮನಾಬಾದಿಗೆ, ಅಲ್ಲಿಂದ ಮುಡಬಿಗೆ, ಬಸ್ಸು ಸಿಕ್ಕರೆ ಬಸ್ಸು, ಆಟೋ ಸಿಕ್ಕರೆ ಆಟೋ, ತಿರುಗಿದ್ದೇ ತಿರುಗಿದ್ದು. ಆ ಕುರ್ಚಿ ಎಂದರೆ ಅವನಿಗೆ ಜೀವ. "ಎಮ್ಮೆಲ್ಲೆ ಆಗೂದು ಬ್ಯಾಡೋ ಅಮೀರ, ನನಗ ಇದೊಂದು ಸಾಕು," ಎನ್ನುತ್ತಿದ್ದ.

ನಮ್ಮಲ್ಲೊಂದು ರೂಢಿ. ಹಂಗಾಮು ಶುರುವಾದರೆ ಕಬ್ಬು ಕಡಿಯುವ ಕೂಲಿಗಳ ಟೋಳಿ ಮೊದಲು ಇಳಿಯುವುದು ನಿರ್ದೇಶಕರ ಹೊಲಕ್ಕೆ. ಉಳಿದವರು ಪಾಳಿ ಕಾಯಬೇಕು. ಕಾದಷ್ಟೂ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ದಿಗಂಬರ ಮಾತ್ರ ಬಂದ ಟೋಳಿಯನ್ನು ಪಕ್ಕದ ಹೊಲದ ರತ್ನಮಾಲಾಳಂಥ ಸಣ್ಣ ರೈತರ ಕಡೆಗೆ ಅಟ್ಟುತ್ತಿದ್ದ. ಅವನ ಪಾಳಿ ಬರುವಷ್ಟರಲ್ಲಿ ಹಂಗಾಮು ಮುಗಿದು ಕಾರ್ಖಾನೆಯೇ ನಿಂತಿರುತ್ತಿತ್ತು. ಎರಡನೆಯ ಅವಧಿಯ ಕೊನೆಯ ಮೂರು ವರ್ಷ ಅವನ ಕಬ್ಬು ಬೆಲ್ಲದ ಗಾಣಕ್ಕೆ ಹೋಯಿತು. ಹೆಂಡತಿ ಶೇವಂತಾಬಾಯಿ ಹಣೆ ಚಚ್ಚಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇದೇ ಮಹಾಶಯ ಹಿಂದೊಮ್ಮೆ ಸಾಮಾನ್ಯ ಸಭೆಯಲ್ಲಿ ಮೇಜು ಕುಟ್ಟಿ ನಿಯಮ ಮಾಡಿಸಿದ್ದ: ಹಿಂದಿನ ಮೂರು ವರ್ಷದಲ್ಲಿ ಒಮ್ಮೆಯೂ ಕಾರ್ಖಾನೆಗೆ ಕಬ್ಬು ಕೊಡದವರು ಚುನಾವಣೆಗೆ ನಿಲ್ಲುವಂತಿಲ್ಲ. ಹೊಲದ ಮುಖ ನೋಡದ ಪೇಟೆಯ ದೊಡ್ಡವರನ್ನು ಹೊರಗಿಡುವುದು ಅವನ ಉದ್ದೇಶ.

ಕಳೆದ ಚುನಾವಣೆಯಲ್ಲಿ ಮೂರನೆಯ ಸಲ ನಿಲ್ಲಲು ಹೊರಟ. ನಾಮಪತ್ರದ ಕೊನೆಯ ದಿನ ಹುಮನಾಬಾದಿನ ಚುನಾವಣಾ ಕಚೇರಿಗೆ ಹೋದೆವು. ಸೂಚಕಿಯಾಗಿ ಸಹಿ ಹಾಕಲು ರತ್ನಮಾಲಾ ಬಂದಿದ್ದಳು. ಗುಮಾಸ್ತ ಪಟ್ಟಿ ತಿರುವಿ ನೋಡಿ, "ಸಾಹೇಬ್ರ, ಮೂರು ವರ್ಷದಿಂದ ನಿಮ್ಮ ಕಬ್ಬು ಬಂದೇ ಇಲ್ರಿ. ನಿಮಗ ನಿಲ್ಲಾಕ ಬರೂದಿಲ್ರಿ," ಎಂದ.

ದಿಗಂಬರನ ಮುಖ ಇಂಗು ತಿಂದ ಮಂಗನಂತಾಯಿತು. ತಾನೇ ಮಾಡಿಸಿದ ನಿಯಮ ತನಗೂ ತಾಗುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಅಣ್ಣಾ, ನನ್ನ ಕಬ್ಬು ಹೋಗಿದ್ದು ನಿಮ್ಮ ಪಾಳ್ಯಾಗ. ಅದನ್ನ ನಿಮ್ಮ ಹೆಸರಿಗೆ ಬರಸಿಕೊಳ್ರಿ," ಎಂದಳು ರತ್ನಮಾಲಾ.

"ಬೆಳದಾಕಿ ನೀ. ನಾ ಹ್ಯಾಂಗ ಬರಸಿಕೊಳ್ಳಲಿ?" ಎಂದು ಗಡಿಯಾರ ನೋಡಿದ. ಅರ್ಜಿ ಕೊಡುವ ಗಡುವು ಮೂರು ಗಂಟೆ; ಇನ್ನು ಅರ್ಧ ಗಂಟೆ ಇತ್ತು. "ತಂಗಿ, ನೀನೇ ನಿಲ್ಲು."

"ನಿಮ್ಮ ಕುರ್ಚಿ ನನಗ ಯಾಕ್ರಿ?"

"ಖಾಲಿ ಬಿಟ್ರ ಟೋಳೀನ ಮೊದಲು ತಮ್ಮ ಹೊಲಕ್ಕ ಇಳಿಸ್ಕೊಳ್ಳಾವ್ರು ಬಂದು ಕೂಡ್ತಾರ, ಗೊತ್ತದ ಇಲ್ಲೊ?"

ಹೊಸ ಅರ್ಜಿಯನ್ನು ಅವನೇ ತುಂಬಿದ. ಸೂಚಕನ ಜಾಗದಲ್ಲಿ ನಾನು ಸಹಿ ಹಾಕಿದೆ. ಹೊರಗೆ ಬಂದವನೇ ಕಚೇರಿಯ ಹಿಂದಿನ ಗೋಡೆಗೆ ಮುಖ ಮಾಡಿ ಅತ್ತ. ಮೂಗು ಒರೆಸಿಕೊಂಡು, "ನಾಳಿ ಮುಂಜಾನಿ ಹಳ್ಳಿಖೇಡಕ್ಕ ಹೋಗೂನು. ಪ್ರಚಾರ ಶುರು ಮಾಡಬೇಕು, ತಡ ಆಗಾಕತ್ತದ," ಎಂದ.

ಹದಿನೈದು ದಿನ ಅವಳಿಗಾಗಿ ಮನೆ ಮನೆ ತಿರುಗಿದ. ರತ್ನಮಾಲಾ ಗೆದ್ದಳು. ಅವನು ಗೆದ್ದ ಎರಡು ಸಲದಲ್ಲಿ ಬಿದ್ದ ಅತಿ ಹೆಚ್ಚಿನ ಮತಕ್ಕಿಂತಲೂ ಅವಳಿಗೆ ಎಪ್ಪತ್ತು ಹೆಚ್ಚು ಬಿದ್ದಿದ್ದವು. ಆ ಎಪ್ಪತ್ತರ ಸುದ್ದಿಯನ್ನು ಊರ ತುಂಬ ಹೇಳಿಕೊಂಡು ಬಂದವನು ದಿಗಂಬರನೇ.