ಬರ್ತೀನಿ ಅಂದ ಅತ್ತೆ, ಓಕೆ ಅಂದ ಚಿಕ್ಕಮ್ಮ

ಏಯ್, ಆ ಕಡೆ ಗೇಟ್ ಹತ್ರ ನಿಂತಿರೋರೆ, ಸ್ಕೂಟರ್ ಆಫ್ ಮಾಡಿ ಇಲ್ಲಿ ಕೇಳಿ! ಮೇಲ್ಗಡೆ ಬಟ್ಟೆ ಒಣಗಾಕ್ತಿರೋ ಅಕ್ಕ, ನೀವೂ ಬಗ್ಗಿ ಕೇಳಿ, ಬೀಳ್ಬೇಡಿ ಅಷ್ಟೆ. ನಮ್ಮ ಚಿಕ್ಕಮ್ಮನ ವಿಷಯ. ಸಂಜೆ ಆದ್ರೆ ನಿಮ್ಮನೆ ಟೀವೀಲಿ ಅತ್ತೆ ಸೊಸೆ ಜಗಳ ಆಡ್ತಾರಲ್ಲ, ಆ ಜಗಳ ಆಡ್ಸೋಳು ಇವಳೇ. ಸೀರಿಯಲ್ ಡೈರೆಕ್ಟರು.

ಎದುರಿಗೆ ಎಲ್ರೂ ಮೇಡಂ ಅಂತಾರೆ. ಬೆನ್ನ ಹಿಂದೆ ಅವಳ ಹೆಸರು ‘ಇನ್ನೊಂದ್ಸಲಮ್ಮ’. ಯಾಕಂದ್ರೆ ಯಾರು ಎಷ್ಟೇ ಚೆನ್ನಾಗಿ ಮಾಡ್ಲಿ, ಇವಳ ಬಾಯಲ್ಲಿ ಬರೋದು ಒಂದೇ ಮಾತು: ಇನ್ನೊಂದ್ಸಲ. ಲೋಟ ಎಡಗೈಲಿತ್ತಾ, ಇನ್ನೊಂದ್ಸಲ. ಕಣ್ಣೀರು ಮಾತಿಗಿಂತ ಮುಂಚೆ ಬಂತಾ, ಇನ್ನೊಂದ್ಸಲ. ಒಂದು ಸಲ ಅಳೋ ಸೀನಲ್ಲಿ ಲೈಟಿನವನಿಗೇ ಅಳು ಬಂತಂತೆ, ಅವನಿಗೂ ಇನ್ನೊಂದ್ಸಲ ಅಂದ್ಲಂತೆ. ಇದು ಸುಳ್ಳಿರ್ಬೋದು. ಆದ್ರೆ ಕೇಳಿದೋರು ಯಾರೂ ಸುಳ್ಳು ಅಂದಿಲ್ಲ.

ಶುರು ಮಾಡಿದ್ದು ಕ್ಲಾಪ್ ಹೊಡೆಯೋ ಕೆಲಸದಿಂದ. ಮೊದಲನೇ ದಿನಾನೇ ಹಲಗೆ ಮಧ್ಯ ಬೆರಳು ಸಿಕ್ಕಾಕ್ಕೊಂಡು ಕೂಗ್ಕೊಂಡ್ಲು, ಆ ಕೂಗು ಹೀರೋಯಿನ್ನಿಗಿಂತ ನ್ಯಾಚುರಲ್ಲಾಗಿತ್ತು ಅಂತ ಉಳಿಸ್ಕೊಂಡ್ರು. ಆಮೇಲೆ ಯಾರ ಬಳೆ ಯಾವ ಕೈಲಿತ್ತು ಅಂತ ನೆನಪಿಟ್ಕೊಳ್ಳೋ ಕೆಲಸ. ಅದಾದ್ಮೇಲೆ ಅಸಿಸ್ಟೆಂಟು. ಆಗಿನ ಡೈರೆಕ್ಟರು ಮಧ್ಯಾಹ್ನ ಊಟ ಆದ್ಮೇಲೆ ಕುರ್ಚೀಲೇ ನಿದ್ದೆ ಹೊಡೀತಿದ್ರು. ಅವರ ಗೊರಕೆ ಮೈಕಿಗೆ ಬೀಳದೆ ಇರೋ ಹಾಗೆ ಸೀನ್ ಮುಗಿಸಿ ಮುಗಿಸಿ, ಇವಳಿಗೆ ಡೈರೆಕ್ಷನ್ನು ತಾನಾಗೇ ಕೈಗೆ ಹತ್ತಿಬಿಡ್ತು.

ಈಗಿನ ಸೀರಿಯಲ್ಲಿಗೆ ವಯಸ್ಸಾಗಿದೆ. ಗೋಡೌನ್ ಒಳಗೆ ಪ್ಲೈವುಡ್ಡಲ್ಲಿ ಕಟ್ಟಿರೋ ಮನೆ. ಮಹಡಿ ಮೆಟ್ಟಿಲು ಹತ್ತಿದ್ರೆ ಎದುರಿಗೆ ಗೋಡೆ, ಅಷ್ಟೆ. ಕೋಪ ಮಾಡ್ಕೊಂಡು ಧಡಧಡ ಅಂತ ಮೇಲೆ ಹೋದೋರು, ಕಟ್ ಅನ್ನೋವರೆಗೂ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿರ್ಬೇಕು. ಒಂದು ದಿನ ಚಿಕ್ಕಮ್ಮ ಏನೋ ಯೋಚನೇಲಿ ಕಟ್ ಹೇಳೋದೇ ಮರೆತಿದ್ಲು. ಮಾವನ ಪಾರ್ಟು ಮಾಡೋರು ಮೇಲ್ಗಡೆ ಕೂತು ಪೇಪರ್ ಪೂರ್ತಿ ಓದಿ, ಜಾಹೀರಾತೂ ಮುಗೀತು ತಾಯಿ, ಇಳೀಲಾ ಅಂತ ಕೇಳಿದ್ರಂತೆ.

ಆ ಯೋಚನೆ ಏನು ಅಂತ ಇಡೀ ಸೆಟ್ಟಿಗೆ ಗೊತ್ತು. ಸಿನಿಮಾ. ಬಸ್ ಡಿಪೋದಲ್ಲಿ ಒಂದೇ ಹಗಲು ನಡೆಯೋ ಕಥೆ. ಅವಳೇ ಬರೆದಿದ್ದು. ಅದನ್ನ ಹಿಡ್ಕೊಂಡು ಅವಳು ಹತ್ತದೆ ಇರೋ ಮೆಟ್ಟಿಲಿಲ್ಲ, ಕುಡಿಯದೆ ಇರೋ ಆಫೀಸ್ ಕಾಫಿ ಇಲ್ಲ. ಎಲ್ರೂ ಮೂಗಿಗೆ ತುಪ್ಪ ಸವರಿ ಕಳಿಸ್ತಿದ್ರು. ಕೊನೆಗೆ ಆಗಲಿ ಅಂದಿದ್ದು ಇದೇ ಚಾನೆಲ್ಲಿನ ದೊಡ್ಡ ತಲೆ. ಆ ಮನುಷ್ಯ ಮಾತಾಡೋವಾಗ ಕನ್ನಡಕ ತೆಗೀತಾನೆ, ಕೇಳೋವಾಗ ಹಾಕ್ಕೋತಾನೆ. ಅದಕ್ಕೇ ಅವನ ಹೆಸರು ‘ಕನ್ನಡಕ’.

ಮೊನ್ನೆ ಬೆಳಗ್ಗೆ ಕನ್ನಡಕದ ಫೋನು. ಸೀರಿಯಲ್ ನೋಡೋರು ಕಮ್ಮಿ ಆಗಿದಾರೆ, ಹೊಸ ವಿಲನ್ ತರ್ತೀವಿ, ಅತ್ತೆಗೆ ಇನ್ಮೇಲೆ ಜಾಗ ಇಲ್ಲ. ಇವತ್ತಿನ ಎಪಿಸೋಡಲ್ಲೇ ಅತ್ತೆ ಮನೆ ಬಿಟ್ಟು ಹೋಗ್ಬೇಕು. ಮತ್ತೆ ಬರ್ತಾಳೇನೋ ಅಂತ ಒಂದು ನರಪಿಳ್ಳೆಗೂ ಅನ್ನಿಸ್ಬಾರ್ದು. ಇದನ್ನ ಸರಿಯಾಗಿ ಮುಗಿಸಿ, ನಾಳೆ ನಿಮ್ಮ ಸಿನಿಮಾ ಕೂತು ಮಾತಾಡೋಣ, ಅಂದ.

ಆ ಸೀರಿಯಲ್ದು ಅವತ್ತಿಂದು ಅವತ್ತಿಗೆ ಅನ್ನೋ ಬದುಕು, ಬೆಳಗ್ಗೆ ತೆಗೆದಿದ್ದು ಸಂಜೆ ಟೀವೀಲಿ. ಯೋಚನೆ ಮಾಡೋಕೂ ಪುರುಸೊತ್ತಿಲ್ಲ. ಚಿಕ್ಕಮ್ಮ ಹೂಂ ಅಂದ್ಲು.

ಅತ್ತೆ ಪಾರ್ಟು ಮಾಡೋ ಹೆಂಗಸು ಇದಾರಲ್ಲ, ಅವ್ರನ್ನ ಕ್ಯಾಮೆರಾ ಇಲ್ಲದಾಗ್ಲೂ ಎಲ್ರೂ ಅತ್ತೆ ಅಂತ್ಲೇ ಕರೆಯೋದು. ಕ್ಯಾಮೆರಾದವನಿಗೂ ಅತ್ತೆ, ಡ್ರೈವರ್‌ಗೂ ಅತ್ತೆ. ಸುದ್ದಿ ಕೇಳಿದ್ರು. ಮೇಕಪ್ ರೂಮಲ್ಲಿಟ್ಟಿದ್ದ ತಮ್ಮ ದಿಂಬು, ಸ್ಟೀಲ್ ತಟ್ಟೆ ತಗೊಂಡು ಚೀಲಕ್ಕೆ ತುಂಬ್ಕೊಂಡ್ರು. ಸೀನಲ್ಲಿ ಅವ್ರು ಹೇಳ್ಬೇಕಾಗಿದ್ದು ಇಷ್ಟೇ: ಸೊಸೆ ಕಡೆ ತಿರುಗಿ, ‘ನಾನು ಹೋಗ್ತೀನಿ’. ಸೊಸೆ ಮಾತಾಡಂಗಿಲ್ಲ, ಬಾಗಿಲು ಹಾಕ್ಬೇಕು.

ಆಕ್ಷನ್ ಅಂದ್ಲು ಚಿಕ್ಕಮ್ಮ. ಅತ್ತೆ ಯಾವಾಗ್ಲೂ ಹೊದ್ಕೊಳ್ಳೋ ಹಸಿರು ಶಾಲು ಸರಿ ಮಾಡ್ಕೊಂಡು ಬ್ಯಾಗ್ ಎತ್ಕೊಂಡ್ರು, ಹೊಸಲು ದಾಟಿದ್ರು, ತಿರುಗಿದ್ರು.

“ನಾನು ಬರ್ತೀನಿ.”

ಬಾಯಿತಪ್ಪಿ ಬಂದಿದ್ದು. ಅಷ್ಟಾಗಿದ್ರೆ ಏನಿಲ್ಲ. ಮಾತಾಡ್ಲೇಬಾರದಾಗಿದ್ದ ಸೊಸೆ, ಅಭ್ಯಾಸ ಬಲ ನೋಡಿ, “ಹೂಂ ಅತ್ತೆ, ಹುಷಾರು, ಬೇಗ ಬನ್ನಿ” ಅಂದುಬಿಟ್ಲು. ಅಂದ್ಮೇಲೆ ಗೊತ್ತಾಯ್ತು ಅವಳಿಗೆ. ಕಣ್ಣು ದೊಡ್ಡದಾಗಿ, ತುಟಿ ಕಚ್ಚಿಕೊಂಡು, ಬಾಗಿಲು ಹಾಕೋಕೂ ಮರೆತು ಹಂಗೇ ನಿಂತ್ಲು.

ಸೆಟ್ಟೆಲ್ಲಾ ಬಿದ್ದು ಬಿದ್ದು ನಕ್ಕಿತು. ಇನ್ನೊಂದ್ಸಲ ಅಂದ್ಲು ಚಿಕ್ಕಮ್ಮ.

ಎರಡನೇ ಸಲ ‘ಹೋಗ್ ಬರ್ತೀನಿ’. ಮೂರನೇ ಸಲ ‘ಹೋಗ್ತೀ’ ಅನ್ನೋವರೆಗೂ ಬಂದು ಕೆಮ್ಮು. ಆಮೇಲೆ ಆಮೇಲೆ ಯಾರೂ ನಗ್ಲಿಲ್ಲ. ಚಿಕ್ಕಮ್ಮ ಹತ್ರ ಹೋಗಿ, ಒಂದೇ ಪದ ಅತ್ತೆ, ಕಷ್ಟ ಏನು ಅಂತ ಕೇಳಿದ್ಲು.

“ನಾಲಿಗೆ ತಿರುಗಲ್ಲ ಕಣೇ,” ಅಂದ್ರು ಅವ್ರು. “ಗಂಡನ ಹತ್ರ ಜಗಳ ಆಡ್ಕೊಂಡು ತವರಿಗೆ ಹೊರಟಾಗ್ಲೂ ಬರ್ತೀನಿ ಅಂತ್ಲೇ ಹೇಳಿ ಹೋಗಿದ್ದೆ. ಅವ್ರೂ ಕೋಪದಲ್ಲೇ ಹೂಂ ಅಂದಿದ್ರು.”

ಕೊನೆಗೆ ಒಂದು ಸಲ ಹೇಳಿದ್ರು. ನಾನು ಹೋಗ್ತೀನಿ. ಸರಿಯಾಗಿ, ಒಂದಕ್ಷರ ತಪ್ಪಿಲ್ಲದೆ. ಸೊಸೆ ಬಾಗಿಲು ಹಾಕಿದ್ಲು. ಲೋಟ, ಬಳೆ, ಕಣ್ಣೀರು, ಎಲ್ಲಾ ಎಲ್ಲಿರ್ಬೇಕೋ ಅಲ್ಲೇ ಇತ್ತು. ಚಿಕ್ಕಮ್ಮ ಓಕೆ ಅಂದ್ಲು. ಯಾರೂ ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ. ಅತ್ತೆ ಚೀಲ ತಗೊಂಡು ಮನೆಗೆ ಹೋದ್ರು.

ಮಧ್ಯಾಹ್ನ ಎಡಿಟಿಂಗ್ ರೂಮು. ಬಚ್ಚಲುಮನೆಯಷ್ಟಗಲ, ಎರಡು ಕುರ್ಚಿ, ಹಲ್ಲು ಕಡಿಯೋ ಫ್ಯಾನು. ಎಡಿಟರ್ ಸರಿಯಾದ ಟೇಕ್ ಜೋಡಿಸಿ ತೋರಿಸ್ದ. ಚಿಕ್ಕಮ್ಮ ನೋಡಿದ್ಲು. ಮೊದಲನೇದು ಹಾಕು ಅಂದ್ಲು. ತಪ್ಪಾಗಿರೋದಾ ಅಂತ ಕೇಳ್ದ. ತಪ್ಪಾಗಿರೋದೇ.

ಹಾಕಿದ. ಬರ್ತೀನಿ. ಹೂಂ ಅತ್ತೆ, ಹುಷಾರು. ಸೊಸೆ ತುಟಿ ಕಚ್ಚಿಕೊಂಡ್ಲು. ಇಷ್ಟು ವರ್ಷ ಕಚ್ಚಾಡಿದ ಎರಡು ಹೆಂಗಸರು, ಕೋಪಾನೇ ಮರೆತು ಒಂದು ಕ್ಷಣ ಮನೆಯವರಾಗಿದ್ರು. ಚಿಕ್ಕಮ್ಮ ಹೇಳ್ಕೊಟ್ಟು ಮಾಡಿಸಿದ್ದಲ್ಲ. ಎಷ್ಟು ಸಲ ಇನ್ನೊಂದ್ಸಲ ಅಂದಿದ್ರೂ ಬರ್ತಿರ್ಲಿಲ್ಲ ಅದು.

ಎಡಿಟರ್ ಮೆಲ್ಲಗೆ ಸಿನಿಮಾ ನೆನಪು ಮಾಡ್ದ. ಅವಳಿಗೆ ನೆನಪಿಲ್ದೆ ಏನು? ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳೋಕಾಗಲ್ಲ ನುಂಗೋಕಾಗಲ್ಲ. ಫ್ಯಾನು ತಿರುಗೋದನ್ನೇ ನೋಡ್ತಾ ಕೂತಿದ್ಲು. ಆಮೇಲೆ ಎದ್ದು, ಕುರ್ಚಿ ಒಳಕ್ಕೆ ತಳ್ಳಿದ್ಲು.

“ಇದೇ ಹೋಗ್ಲಿ. ಬೈಸ್ಕೊಳ್ಳೋಳು ನಾನು.”

ಸಂಜೆ ಅವಳು ನೇರ ಬಂದಿದ್ದು ನಮ್ಮ ಚಿಕ್ಕಪ್ಪನ ಮಿಕ್ಸಿ ರಿಪೇರಿ ಅಂಗಡಿಗೆ. ಅಲ್ಲೊಂದು ಟೀವಿ ಇದೆ. ಚಿಕ್ಕಪ್ಪ ಸೀರಿಯಲ್ ಬಂದ್ರೆ ಮೋಟಾರ್ ಟೆಸ್ಟ್ ಮಾಡಲ್ಲ, ಹೆಂಡತಿ ಮೇಲಿನ ಗೌರವ ಅಂತಾನೆ. ಚಿಕ್ಕಮ್ಮ ಬಿಚ್ಚಿಟ್ಟ ಜಾರುಗಳ ಮಧ್ಯೆ ಉಗುರು ಕಚ್ಚುತ್ತಾ ಕೂತಳು. ಮಿಕ್ಸಿ ತಗೊಂಡು ಹೋಗೋಕೆ ಬಂದಿದ್ದ ಒಬ್ಬರು ಹೆಂಗಸು ಅಲ್ಲೇ ನಿಂತು ನೋಡ್ತಿದ್ರು. ಇವಳು ಯಾರು ಅಂತ ಅವರಿಗೆ ಗೊತ್ತಿಲ್ಲ.

ಟೀವೀಲಿ ಅತ್ತೆ ಹೊಸಲು ದಾಟಿ ತಿರುಗಿದ್ರು. ನಾನು ಬರ್ತೀನಿ.

“ಹೂಂ, ಹುಷಾರಮ್ಮ,” ಅಂದ್ರು ಆ ಹೆಂಗಸು, ಟೀವಿಗೆ. ಸೊಸೆಗಿಂತ ಮುಂಚೆ.

ಚಿಕ್ಕಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು ಹೆಂಡತಿ ಮುಖ ನೋಡ್ದ. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ಲು. ನಗ್ತಿದಾಳಾ ಅಳ್ತಿದಾಳಾ ಅಂತ ಅವನಿಗೇ ತಿಳೀಲಿಲ್ಲ. ಎರಡೂ ಇದ್ದಂಗಿತ್ತು.

ಕನ್ನಡಕದ ಫೋನು ಬಂತು ನೋಡಿ. ಬೈದ. ಚೆನ್ನಾಗೇ ಬೈದ. ಹೇಳಿದ್ದೇನು, ನೀವು ಕಳಿಸಿದ್ದೇನು, ಆಫೀಸ್ ಫೋನು ಒಂದೇ ಸಮ ಹೊಡ್ಕೊಳ್ತಿದೆ, ಅತ್ತೆ ಯಾವಾಗ ಬರ್ತಾರೆ ಅಂತ ನನ್ನ ಹೆಂಡತಿನೇ ಕೇಳ್ತಾಳೆ, ಅಂದ. ಆಮೇಲೆ ಅವನೇ ತಣ್ಣಗಾದ. ಬರ್ತೀನಿ ಅಂದ್ಮೇಲೆ ಬರ್ಲೇಬೇಕಲ್ಲ, ನಾಳೆಯಿಂದಾನೇ ಕರೆಸಿ, ವಿಲನ್ನು ಆಮೇಲೆ ಬರ್ಲಿ, ಅಂದ. ಸಿನಿಮಾ ಏನಾಯ್ತು ಅಂತ ಇವಳು ಕೇಳಿದ್ಲು.

“ನೋಡೋಣ” ಅಂದ.

ನೋಡೋಣ ಅಂದ್ರೆ ಏನು ಅಂತ ಅಪ್ಪನ ಹತ್ರ ಸೈಕಲ್ ಕೇಳಿದ ಎಲ್ಲಾ ಮಕ್ಕಳಿಗೂ ಗೊತ್ತು. ಚಿಕ್ಕಮ್ಮ ಫೋನ್ ಇಟ್ಟು ಸ್ವಲ್ಪ ಹೊತ್ತು ಒಂದು ಜಾರಿನ ಮುಚ್ಚಳ ತಿರುಗಿಸ್ತಾ ಕೂತಳು. ಚಿಕ್ಕಪ್ಪ, ಡಿಪೋ ಎಲ್ಲೂ ಓಡಿ ಹೋಗಲ್ಲ, ಬಸ್ಸು ತಾನೇ ಹೋಗೋದು ಅಂದ. ಸುಮ್ನಿರಿ ಅಂದ್ಲು. ಆದ್ರೆ ನಕ್ಕಳು.

ಮಾಮೂಲಿಯಾಗಿ ನಟರಿಗೆ ಫೋನ್ ಮಾಡೋದು ಅಸಿಸ್ಟೆಂಟು. ಅವತ್ತು ಅವಳೇ ಮಾಡಿದ್ಲು. ಬೆಳಗ್ಗೆ ಬೇಗ ಬಂದ್ಬಿಡಿ ಅತ್ತೆ, ಅಂದ್ಲು. ಅತ್ತೆ, ಬರೋದು ಬರ್ತೀನಿ, ಆದ್ರೆ ಆ ಹಸಿರು ಶಾಲು ಹೊದ್ಕೊಳ್ಳಲ್ಲ, ಇಷ್ಟು ವರ್ಷ ಕೆಲಸ ಹೋಗುತ್ತೆ ಅಂತ ಬಾಯಿ ಬಿಟ್ಟಿರ್ಲಿಲ್ಲ, ಕತ್ತೆಲ್ಲಾ ಚುಚ್ಚುತ್ತೆ, ಅಂದ್ರು.

ಚಿಕ್ಕಮ್ಮ ಕಾಸ್ಟ್ಯೂಮಿನವನಿಗೆ ಫೋನ್ ಹಚ್ಚಿ, ಮೆತ್ತಗಿರೋ ಶಾಲೊಂದು ತಂದಿಡು, ತರೋಕೆ ಮುಂಚೆ ನಿನ್ನ ಕತ್ತಿಗೆ ಸುತ್ತಿ ನೋಡು ಅಂತ ಹೇಳಿ, ಅಂಗಡಿ ಶಟರ್ ಎಳೆಯೋಕೆ ಚಿಕ್ಕಪ್ಪನ ಜೊತೆ ಕೈ ಹಾಕಿದ್ಲು.